ಯಂತ್ರದ ಪಿಟೀಲುಗಳೂ ನಮ್ಮ ಹುಡುಗಿಯರ ಸಂಗೀತವೂ

ಶಾಲೆಯ ಸಂಗೀತದ ಕೋಣೆಗಾಗಿ ಹಳೆಯ ವಿದ್ಯಾರ್ಥಿನಿಯರು ಪ್ರೀತಿಯಿಂದ ಕೂಡಿಸಿಕೊಟ್ಟಿರುವ ಹಣವನ್ನು ಯಾವ ರೀತಿ ವಿನಿಯೋಗಿಸತಕ್ಕದ್ದೆಂಬ ವಿಷಯದಲ್ಲಿ ನಮಗೆ ಬಂದಿರುವ ಪತ್ರಗಳು ಎರಡು ಬಗೆಯವಾಗಿವೆ. ಮೊದಲನೆಯ ಪಕ್ಷದವರು ಹೇಳುವುದೇನೆಂದರೆ, ಒಂದು ಒಳ್ಳೆಯ ಗಣಕಯಂತ್ರವನ್ನೂ ಅದಕ್ಕೆ ಜೋಡಿಸುವ ಕೀಬೋರ್ಡನ್ನೂ ಕೊಂಡು, ಪಾಶ್ಚಾತ್ಯ ವಾದ್ಯವೃಂದದ ತಂತಿವಾದ್ಯಗಳ ಧ್ವನಿಗಳನ್ನು ಅದರಲ್ಲಿ ತುಂಬಿಸಿಟ್ಟರೆ, ಸ್ನೇಹಸಮ್ಮೇಳನದ ದಿವಸ ನಮ್ಮ ಹುಡುಗಿಯರ ಹಾಡಿನ ಹಿಂದೆ ಅರುವತ್ತು ತಂತಿವಾದ್ಯಗಳು ಮೊಳಗುವವು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಿಂದ ಬರುವ ನಮ್ಮ ಮಕ್ಕಳು ಬೆಂಗಳೂರಿನ ಮಕ್ಕಳಿಗೆ ಕಡಿಮೆಯವರಲ್ಲವೆಂದು ಎಲ್ಲರಿಗೂ ತಿಳಿದುಬರುವುದು. ಎರಡನೆಯ ಪಕ್ಷದವರು, ಯಂತ್ರವೆಂಬ ಹೆಸರನ್ನೇ ಸಂಗೀತದ ಕೋಣೆಯಲ್ಲಿ ಎತ್ತಕೂಡದು, ಹಳೆಯ ಪೇಟಿಯನ್ನು ದುರಸ್ತಿ ಮಾಡಿಸಿದರೆ ಸಾಕು, ಎನ್ನುತ್ತಾರೆ. ಇಬ್ಬರ ಅಭಿಮಾನಕ್ಕೂ ನಾವು ಋಣಿಗಳು. ಆದರೆ ಇಬ್ಬರಲ್ಲಿ ಯಾರ ಮಾತನ್ನೂ ಇದ್ದಂತೆಯೇ ಒಪ್ಪಲು ನಮ್ಮಿಂದಾಗಲಿಲ್ಲ. ಅದರ ಕಾರಣಗಳನ್ನು ಈ ಸ್ಮರಣ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತೇವೆ. ಹಣ ತಮ್ಮದಾದುದರಿಂದ ತೀರ್ಪಿನಲ್ಲಿ ತಮ್ಮ ಪಾಲೂ ಉಂಟು.

ಮೊದಲು ಈ ಯಂತ್ರದ ಪಿಟೀಲು ಎಂದರೆ ಏನೆಂಬುದನ್ನು ಅರಿಯುವುದು ಲೇಸು. ಕೀಬೋರ್ಡಿನ ಪಟ್ಟಿಯನ್ನೊತ್ತಿದಾಗ ಕೇಳಬರುವ ಪಿಟೀಲಿನ ನಾದವು ಬರಿಯ ವಿದ್ಯುತ್ತಿನಿಂದ ಹುಟ್ಟಿದ್ದೆಂದು ಅನೇಕ ಪಾಲಕರು ಭಾವಿಸಿದ್ದಾರೆ. ಕೆಲವು ಯಂತ್ರಗಳ ವಿಷಯದಲ್ಲಿ ಅದು ನಿಜವೇ. ಸ್ಯಾಂಪಲ್ ಎಂದು ಕರೆಯಲ್ಪಡುವ ಧ್ವನಿಗಳಾದರೋ ಪ್ರತಿಯೊಂದೂ ಜೀವಂತ ವಾದಕರ ಕೈಯಿಂದ ಹೊರಟಂಥವು. ನಿಶ್ಶಬ್ದವಾದ ದೊಡ್ಡ ಕೋಣೆಯಲ್ಲಿ ಅವರನ್ನು ಕುಳ್ಳಿರಿಸಿ, ಪಿಟೀಲು, ವಿಯೋಲ, ಚೆಲ್ಲೊ, ಡಬಲ್ ಬಾಸ್ ಎಂಬ ನಾಲ್ಕು ಬಗೆಯ ವಾದ್ಯಗಳಿಂದ ಒಂದೊಂದೇ ಸ್ವರವನ್ನು ನುಡಿಸಿ ಮುದ್ರಿಸಿಕೊಳ್ಳುತ್ತಾರೆ. ಅದೇ ಸ್ವರವನ್ನು ಮೆಲ್ಲಗೆ, ನಡುತರವಾಗಿ, ಗಟ್ಟಿಯಾಗಿ. ಕಮಾನನ್ನು ಉದ್ದಕ್ಕೆ ಎಳೆದು, ತಂತಿಯ ಮೇಲೆ ಕುಪ್ಪಳಿಸಿ, ನಡುಗಿಸಿ. ಕಮಾನನ್ನು ಬದಿಗಿಟ್ಟು ಬೆರಳಿನಿಂದ ಮೀಟಿ, ಹೀಗೆ ಹತ್ತಾರು ವಿಧವಾಗಿ ನುಡಿಸಬೇಕಾಗುತ್ತದೆ. ಒಂದೊಂದು ವಿಧವನ್ನೂ ಮೂರು ನಾಲ್ಕು ಸಲ ನುಡಿಸುವುದುಂಟು. ಯಾಕೆಂದರೆ ಒಂದೇ ಮುದ್ರಣವು ಬೆನ್ನುಬೆನ್ನಿಗೆ ಬಂದರೆ ಕಿವಿಯು ಮೋಸವನ್ನು ಕೂಡಲೇ ಕಂಡುಹಿಡಿಯುತ್ತದೆ. ಈ ಸಾವಿರಾರು ತುಣುಕುಗಳನ್ನು ಗಣಕಯಂತ್ರದಲ್ಲಿ ಓರಣವಾಗಿಟ್ಟು, ಯಾವ ಪಟ್ಟಿಯನ್ನು ಎಷ್ಟು ಬಲದಿಂದ ಒತ್ತಿದರೆ ಯಾವ ತುಣುಕು ಹೊರಡತಕ್ಕದ್ದೆಂದು ಗೊತ್ತುಮಾಡುತ್ತಾರೆ. ನಮ್ಮ ತಾಯಂದಿರು ಮಳೆಗಾಲಕ್ಕೆಂದು ಮಾವನ್ನು ಹೋಳು ಮಾಡಿ ಭರಣಿಯಲ್ಲಿಡುವಂತೆ, ಇಲ್ಲಿ ಸ್ವರವನ್ನು ಹೋಳು ಮಾಡಿ ಇಟ್ಟಿರುತ್ತಾರೆನ್ನಬಹುದು.

ಈ ಉಪಾಯವು ನಿನ್ನೆ ಮೊನ್ನೆಯದಲ್ಲ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಮೆಲ್ಲೊಟ್ರಾನ್ ಎಂಬ ವಾದ್ಯವು ಮಾರಾಟಕ್ಕೆ ಬಂದಿತು. ಅದರಲ್ಲಿ ಒಂದೊಂದು ಪಟ್ಟಿಗೂ ಒಂದೊಂದು ಟೇಪಿನ ತುಂಡು. ಆ ತುಂಡು ಓಡುತ್ತಿದ್ದುದು ಸುಮಾರು 8 ಸೆಕೆಂಡು ಮಾತ್ರ. ಅಷ್ಟರೊಳಗೆ ಬೆರಳೆತ್ತದಿದ್ದರೆ ಪಿಟೀಲು ನಡುವಿನಲ್ಲೇ ಮೌನವಾಗುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯವರು ಫೇರ್‌ಲೈಟ್ ಎಂಬ ಗಣಕವಾದ್ಯವನ್ನು ಹೊರತಂದ ಮೇಲೆ ಟೇಪಿನ ಹಂಗು ತಪ್ಪಿತು. 2000ದಲ್ಲಿ, ವಿಯೆನ್ನಾದ ಪ್ರಸಿದ್ಧ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸಿದ್ದ ಹರ್ಬ್ ಟುಕ್‌ಮಾಂಡ್ಲ್ ಎಂಬವರು ವಾದ್ಯವೃಂದದ ಸ್ವರಗಳನ್ನೆಲ್ಲ ಸಂಗ್ರಹಿಸುವುದಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. 2019ರಲ್ಲಿ ಸ್ಪಿಟ್‌ಫೈರ್ ಎಂಬ ಇಂಗ್ಲಿಷ್ ಸಂಸ್ಥೆಯು ಬಿ.ಬಿ.ಸಿ. ಸಿಂಫನಿ ಆರ್ಕೆಸ್ಟ್ರಾದ ವಾದಕರನ್ನು ಲಂಡನ್ನಿನ ಮೇಡಾ ವೇಲ್ ಧ್ವನಿಮುದ್ರಣಾಲಯದಲ್ಲಿ ಮುದ್ರಿಸಿ, ಸಂಗ್ರಹವನ್ನು ಹೊರತಂದಿತು; ಬಳಿಕ ಅದರ ಚಿಕ್ಕ ರೂಪವೊಂದನ್ನು ಬೆಲೆಯಿಲ್ಲದೆಯೂ ಕೊಡಲಾರಂಭಿಸಿತು.

ಇಲ್ಲಿ ಕನ್ನಡಿಗರು ಸ್ಮರಿಸಬೇಕಾದ ಒಂದು ಸಂಗತಿಯುಂಟು. ಮೈಸೂರಿನ ಶ್ರೀ ಜಯಚಾಮರಾಜ ಒಡೆಯರವರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಚೇರಿ ಸಂಘದ ಮೊದಲನೆಯ ಅಧ್ಯಕ್ಷರಾದರು. 1950ರ ಮೇ ತಿಂಗಳಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಸಭೆಯಲ್ಲಿ ಹಾಡಲ್ಪಟ್ಟದ್ದು ಆ ಮಹಾರಾಜರು ವೆಚ್ಚಕ್ಕೆ ಹೊಣೆಯಾಗಿ ನಿಂತುದರಿಂದ. ಅಂದು ಲಂಡನ್ನಿನ ಪಿಟೀಲುಗಳು ನುಡಿಯುವುದಕ್ಕೆ ಮೈಸೂರಿನ ಹಣ ಹೋಗಬೇಕಾಯಿತು. ಇಂದು ಅದೇ ಲಂಡನ್ನಿನ ಪಿಟೀಲುಗಳು ಬಿಡಿಕಾಸಿಲ್ಲದೆ ಹಳಿಯಾಳದ ಬಾಲಿಕೆಯ ಗಣಕಯಂತ್ರಕ್ಕೆ ಬಂದಿಳಿಯುತ್ತವೆ. ಇದನ್ನು ತುಚ್ಛವೆಂದು ತಳ್ಳಿಬಿಡಲು ನಮಗೆ ಮನಸ್ಸಾಗುವುದಿಲ್ಲ.

ಯಂತ್ರವೇ ಬೇಡವೆನ್ನುವ ನಮ್ಮ ಎರಡನೆಯ ಪಕ್ಷದವರು ತಾವು ಇಷ್ಟು ಪ್ರೀತಿಸುವ ಪೇಟಿಯ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಹಾರ್ಮೋನಿಯವೂ ಹೊರಗಿನದೇ. ಯುರೋಪಿನಲ್ಲಿ ಹುಟ್ಟಿ, ಪಾದ್ರಿಗಳ ಸಾಮಾನಿನೊಂದಿಗೆ ಹಡಗು ಹತ್ತಿ ಬಂದು, ಕಲ್ಕತ್ತೆಯ ದ್ವಾರಕಾನಾಥ ಘೋಷರ ಕಾರ್ಖಾನೆಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಆಕಾರವನ್ನು ಹೊಂದಿತು. ಅದರ ಮೇಲೆ ಆಗ ಹೊರಿಸಿದ ಅಪವಾದವೇ ಈಗ ಸ್ಯಾಂಪಲ್ ಮೇಲೆಯೂ ಬರುತ್ತಿದೆ: ಸ್ವರವು ಕಟ್ಟಿಹಾಕಿದಂತಿದೆ, ಮೀಂಡು ಬಾರದು, ಗಮಕ ಬಾರದು. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯವನ್ನು ನಿಷೇಧಿಸಿದ್ದು 1971ರ ವರೆಗೆ ಸಡಿಲಿಸಲೇ ಇಲ್ಲ. ರವೀಂದ್ರನಾಥ ಠಾಕೂರರಿಗೂ ಆ ಪೆಟ್ಟಿಗೆ ಸೇರುತ್ತಿರಲಿಲ್ಲ. ಆದಾಗ್ಯೂ ಹುಬ್ಬಳ್ಳಿ ಧಾರವಾಡಗಳ ಗವಾಯಿಗಳ ಬದಿಯಲ್ಲಿ ಪೇಟಿಯು ಕುಳಿತೇ ಇತ್ತು. ಕಂಪನಿ ನಾಟಕಗಳಲ್ಲಿ ಕಾಲುಪೆಟ್ಟಿಗೆಯಿಲ್ಲದೆ ಪರದೆಯೇ ಏಳುತ್ತಿರಲಿಲ್ಲ. ಆಕ್ಷೇಪಣೆಯೇನೋ ಸತ್ಯವಾಗಿತ್ತು. ಪೇಟಿಗೆ ಮೀಂಡು ಇಂದಿಗೂ ಬಾರದು. ಆದರೆ ಪೇಟಿಯ ಹಿಂದೆ ಕುಳಿತ ಮನುಷ್ಯನು ಗಾಯಕನ ಮುಖವನ್ನು ನೋಡುತ್ತಿದ್ದನು. ಅದರಿಂದಲೇ ಅದು ಉಳಿಯಿತು. ಈ ಮಾತನ್ನು ಮುಂದೆ ಪುನಃ ಎತ್ತುವೆವು.

ಪಿಟೀಲೂ ಹೊರಗಿನಿಂದ ಬಂದುದೇ ಅಲ್ಲವೇ? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಯುರೋಪಿಯನ್ನರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಟಿ. ಚೌಡಯ್ಯನವರು, ಧ್ವನಿವರ್ಧಕಗಳು ಬಳಕೆಗೆ ಬಾರದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಲೆಂದು, ನಾಲ್ಕು ತಂತಿಯ ವಾದ್ಯಕ್ಕೆ ಇನ್ನು ಮೂರನ್ನು ಸೇರಿಸಿ ಏಳು ತಂತಿಯದನ್ನಾಗಿ ಮಾಡಿಕೊಂಡರು. ಹಿಂದುಸ್ತಾನಿ ಪದ್ಧತಿಯಲ್ಲಿ ಶ್ರೀಮತಿ ಎನ್. ರಾಜಂ ಅವರು ಖ್ಯಾಲ್ ಗಾಯನವನ್ನೇ ಅದರ ತಂತಿಯಿಂದ ಹೊರಡಿಸಿದರು. ಹೊಸತಾದುದೆಂಬ ಒಂದೇ ಕಾರಣದಿಂದ ಯಾವ ವಾದ್ಯವನ್ನೂ ಬಾಗಿಲಲ್ಲಿ ನಿಲ್ಲಿಸುವುದು ನಮ್ಮ ಸಂಗೀತದ ಪದ್ಧತಿಯಾಗಿಲ್ಲ.

ಇನ್ನು ಮೊದಲನೆಯ ಪಕ್ಷದವರೊಡನೆ ನಮ್ಮ ವಾದವು ಸ್ವಲ್ಪ ದೀರ್ಘವಾದುದು. ಯಂತ್ರವು ಬಂದಲ್ಲೆಲ್ಲ ವಾದಕರ ಅನ್ನಕ್ಕೆ ಏನಾಯಿತೆಂಬುದನ್ನು ಅವರು ಬಲ್ಲರು. ಲಂಡನ್ನಿನ ಸಂಗೀತಗಾರರ ಸಂಘದ ಶಾಖೆಯೊಂದು 1982ರಲ್ಲಿ ಸಿಂಥಸೈಜರುಗಳನ್ನು ನಿಷೇಧಿಸಬೇಕೆಂದು ನಿರ್ಣಯವನ್ನೇ ಮಾಡಿತು, ಫಲವೇನೂ ದೊರೆಯಲಿಲ್ಲ. ನಮ್ಮ ಕನ್ನಡ ಚಿತ್ರಗೀತೆಗಳು ಮದರಾಸಿನಲ್ಲಿ ಮುದ್ರಣವಾಗುತ್ತಿದ್ದ ಕಾಲದಲ್ಲಿ, ರಾಜನ್–ನಾಗೇಂದ್ರರ ಒಂದು ಹಾಡಿನ ಹಿಂದೆ ಸಾಲುಸಾಲಾಗಿ ಪಿಟೀಲುಗಾರರು ಕುಳಿತಿರುತ್ತಿದ್ದರು. 1980ರ ದಶಕದಿಂದೀಚೆಗೆ ಕೀಬೋರ್ಡು ಒಳಗೆ ಬಂದಂತೆ ಆ ಸಾಲುಗಳು ಕಿರಿದಾಗುತ್ತ ಹೋದವು. ಆಶ್ಚರ್ಯವೇನೆಂದರೆ, ಕೈಯಲ್ಲಿ ಹಣವುಳ್ಳವರು ಮಾತ್ರ ಇಂದಿಗೂ ನಿಜವಾದ ವಾದ್ಯವೃಂದವನ್ನು ಬಿಟ್ಟಿಲ್ಲ. ಇಳಯರಾಜಾ ಅವರು 2000ದಲ್ಲಿ ತೆರೆಕಂಡ 'ಹೇ ರಾಮ್' ಚಿತ್ರಕ್ಕೆ ಹಂಗೇರಿಯ ಬುಡಾಪೆಸ್ಟಿನ ವಾದಕರಿಂದ ನುಡಿಸಿದರು. ಯಂತ್ರದ ಪಿಟೀಲುಗಳ ಮೇಲೆ ನಾಲ್ಕೈದು ಜನ ನಿಜವಾದ ವಾದಕರನ್ನು ಸೇರಿಸಿ ಮುದ್ರಿಸುವ ರೂಢಿಯೂ ಇದೆ. ಹೀಗೇಕೆಂದರೆ, ಹನ್ನೆರಡು ಜನರು ಒಂದೇ ಸ್ವರವನ್ನು ನುಡಿಸಿದಾಗ ಅವರಲ್ಲಿ ಯಾವ ಇಬ್ಬರೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಎತ್ತರದಲ್ಲಿ, ಒಂದೇ ಕ್ಷಣದಲ್ಲಿ ನುಡಿಸುವುದಿಲ್ಲ. ಆ ಕೂದಲೆಳೆಯ ಭೇದವೇ ವೃಂದದ ಧ್ವನಿಗೆ ಮೈಯನ್ನು ತಂದುಕೊಡುತ್ತದೆ. ಅದೂ ಅಲ್ಲದೆ ಒಂದು ಸ್ವರದಿಂದ ಮತ್ತೊಂದಕ್ಕೆ ಹೋಗುವ ದಾರಿ ಪ್ರತಿ ಸಲವೂ ಬೇರೆಬೇರೆಯಾಗಿರುತ್ತದೆ. ಸ್ವರಗಳನ್ನು ಭರಣಿಯಲ್ಲಿಡಬಹುದು, ದಾರಿಗಳನ್ನು ಇಡುವುದು ಬಲು ಕಷ್ಟ. ದರಬಾರಿ ಕಾನಡಾದ ಕೋಮಲ ಗಾಂಧಾರವನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗಾಂಧಾರವು ಒಂದು ಕಡೆ ನಿಲ್ಲುವುದೇ ಇಲ್ಲ, ತೂಗುತ್ತಿರುತ್ತದೆ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಪಟ್ಟಿಗಳಲ್ಲಿ ಅದಕ್ಕೆ ಮನೆಯಿಲ್ಲ.

ಆದರೆ ನಾವು ಶಾಲೆಯನ್ನು ನಡಿಸುವವರು, ಚಿತ್ರವನ್ನು ತೆಗೆಯುವವರಲ್ಲ. ಧ್ವನಿ ಎಷ್ಟು ಸೊಗಸಾಗಿದೆಯೆಂಬ ಪ್ರಶ್ನೆಗಿಂತ, ಆ ಧ್ವನಿ ಬರುವಾಗ ಹುಡುಗಿಯೊಳಗೆ ಏನು ನಡೆಯುತ್ತದೆಂಬ ಪ್ರಶ್ನೆಯು ನಮಗೆ ಹೆಚ್ಚಿನದು. ಪಿಟೀಲಿನ ಕುತ್ತಿಗೆಯ ಮೇಲೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಬೆರಳನ್ನು ಎಲ್ಲಿಡಬೇಕೆಂದು ಕಣ್ಣಿಗೆ ತೋರುವ ಗುರುತೇ ಇಲ್ಲ. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಪಂಚಮವನ್ನು ಹುಡುಕುತ್ತಾಳೆ, ತಪ್ಪುತ್ತದೆ, ಬೆರಳನ್ನು ಒಂದೆಳೆ ಸರಿಸುತ್ತಾಳೆ, ಮತ್ತೆ ಕೇಳುತ್ತಾಳೆ. ಈ ಹುಡುಕಾಟವೇ ಸಂಗೀತಶಿಕ್ಷಣದ ಮುಕ್ಕಾಲು ಭಾಗವೆಂದು ನಾವು ನಂಬಿದ್ದೇವೆ. ಪಟ್ಟಿಯನ್ನೊತ್ತಿದೊಡನೆ ಲಂಡನ್ನಿನ ಪ್ರವೀಣನು ಹಿಂದೆಂದೋ ಹುಡುಕಿಟ್ಟ ಪಂಚಮವು ಬಂದು ನಿಂತರೆ, ಅವಳಿಗೆ ಉತ್ತರವು ದೊರೆಯಿತೇ ಹೊರತು ಲೆಕ್ಕ ಮಾಡಲು ಬರಲಿಲ್ಲ. ಲೆಕ್ಕದ ತರಗತಿಯಲ್ಲಿ ಇದನ್ನು ಯಾವ ಪಾಲಕರೂ ಒಪ್ಪಲಾರರು.

ಇದಕ್ಕಿಂತಲೂ ನಮ್ಮನ್ನು ಬಾಧಿಸುವ ವಿಷಯವೆಂದರೆ ಸಿದ್ಧವಾಗಿ ಮುದ್ರಿಸಿ ತಂದ ಟ್ರ್ಯಾಕು. ಕೀಬೋರ್ಡು ಬೇರೆ, ಟ್ರ್ಯಾಕು ಬೇರೆ. ನಮಗೆ ಬರೆದವರಲ್ಲಿ ಅನೇಕರು ಇವೆರಡನ್ನೂ ಒಂದೇ ಎಂದು ಎಣಿಸಿದ್ದಾರೆ. ಒಬ್ಬಳು ಕುಳಿತು ಕೈಯಾರೆ ನುಡಿಸುವ ಕೀಬೋರ್ಡು ಸ್ಯಾಂಪಲ್ ಧ್ವನಿಯನ್ನು ಹೊರಡಿಸಿದರೂ ವಾದ್ಯವೇ ಸರಿ. ಟ್ರ್ಯಾಕು ಯಾರ ಮುಖವನ್ನೂ ನೋಡದು. ಊರಾಚೆಯ ಸ್ಪರ್ಧೆಯೊಂದರಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಎರಡನೆಯ ಚರಣದಲ್ಲಿ ಒಂದು ಸಾಲನ್ನು ಮರೆತುದನ್ನು ನಾವು ಕಂಡೆವು. ಪಿಟೀಲುಗಳ ದೊಡ್ಡ ಅಲೆಯೊಂದು ಅವಳನ್ನು ಹಿಂದೆ ಬಿಟ್ಟು ಮುಂದೆ ಹೋಗಿಯೇಹೋಯಿತು. ಮಗು ಧ್ವನಿವರ್ಧಕವನ್ನು ಹಿಡಿದುಕೊಂಡು ಅದರ ಹಿಂದೆ ಓಡಿತು, ಸೇರಲಾಗಲಿಲ್ಲ. ಅವಳ ಬದಿಯಲ್ಲಿ ಪೇಟಿಯ ಮಾಸ್ತರರಿದ್ದಿದ್ದರೆ ಪಲ್ಲವಿಯನ್ನು ಇನ್ನೊಮ್ಮೆ ನುಡಿಸಿ, ಕಣ್ಣಿನಲ್ಲೇ ಸನ್ನೆ ಮಾಡಿ, ಅವಳನ್ನು ಎತ್ತಿಕೊಳ್ಳುತ್ತಿದ್ದರು. ಸಭೆಗೆ ಗೊತ್ತೂ ಆಗುತ್ತಿರಲಿಲ್ಲ. ಗಂಟಲು ಕಟ್ಟಿದ ದಿನ ಶ್ರುತಿಯನ್ನು ಅರ್ಧ ಸ್ವರ ಇಳಿಸುವವರಾರು? ಟ್ರ್ಯಾಕಿನೊಡನೆ ಹಾಡುವ ಮಗುವು ಹಿಂಬಾಲಿಸುವುದನ್ನು ಮಾತ್ರ ಕಲಿಯುತ್ತದೆ. ನಮ್ಮ ಹುಡುಗಿಯರಿಗೆ ಹಿಂಬಾಲಿಸುವುದನ್ನು ಕಲಿಸುವುದಕ್ಕೆ ಊರಿನಲ್ಲಿ ಬೇರೆ ಎಷ್ಟೋ ಜನರಿದ್ದಾರೆ.

ಹೆಣ್ಣುಮಕ್ಕಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆವು. ಬರ್ಲಿನ್ನಿನ ಹೆಸರುವಾಸಿಯಾದ ವಾದ್ಯವೃಂದವು ಮೊದಲನೆಯ ಸ್ತ್ರೀ ಸದಸ್ಯೆಯನ್ನು, ಒಬ್ಬ ಪಿಟೀಲುವಾದಕಿಯನ್ನು, ಸೇರಿಸಿಕೊಂಡದ್ದು 1982ರಲ್ಲಿ. ವಿಯೆನ್ನಾದವರು ಸ್ತ್ರೀಯನ್ನು ಸದಸ್ಯೆಯೆಂದು ಒಪ್ಪಿದ್ದು 1997ರಲ್ಲಿ. ಆಕೆಯು ಅದಕ್ಕೆ ಮುಂಚೆ ವರ್ಷಾನುವರ್ಷ ಅದೇ ವೃಂದದಲ್ಲಿ ಹಾರ್ಪ್ ನುಡಿಸುತ್ತಿದ್ದರೂ ಸದಸ್ಯರ ಪಟ್ಟಿಯಲ್ಲಿ ಹೆಸರಿರಲಿಲ್ಲ. ಸುಧಾರಿಸಿದ ದೇಶಗಳಲ್ಲಿಯೂ ಹೆಣ್ಣಿನ ಕೈಗೆ ಕಮಾನು ಸುಲಭವಾಗಿ ಬಂದುದಲ್ಲ. ಹಾಗಿರುವಲ್ಲಿ, ನಮ್ಮ ಹುಡುಗಿಯರ ಕೈಗೆ ಕಮಾನನ್ನು ಕೊಡುವ ಮೊದಲೇ ಇನ್ನು ಅದರ ಅವಶ್ಯವಿಲ್ಲ, ಯಂತ್ರದಲ್ಲಿದೆ, ಎಂದು ಹೇಳಿಬಿಡುವುದು ನಮಗೆ ನ್ಯಾಯವಾಗಿ ತೋರಲಿಲ್ಲ.

ಆದಕಾರಣ ನಮ್ಮ ಸೂಚನೆಯು ಇಂತಿದೆ. ಹಣದ ಹೆಚ್ಚಿನ ಭಾಗದಿಂದ ವಿದ್ಯಾರ್ಥಿನಿಯರ ಅಭ್ಯಾಸಕ್ಕೆ ತಕ್ಕ ಆರು ಪಿಟೀಲುಗಳನ್ನು ಕೊಳ್ಳೋಣ. ಇಂಥವು ಒಂದೊಂದು ಹತ್ತು ಸಾವಿರ ರೂಪಾಯಿಗಳೊಳಗೇ ದೊರೆಯುತ್ತವೆ. ಶನಿವಾರಗಳಂದು ಧಾರವಾಡದಿಂದ ಒಬ್ಬ ಶಿಕ್ಷಕರನ್ನು ಬಸ್ಸಿನ ಖರ್ಚು ಕೊಟ್ಟು ಕರೆಸಿಕೊಳ್ಳೋಣ. ಪೇಟಿಯ ದುರಸ್ತಿಯೂ ಆಗಲಿ. ಅದಕ್ಕೆ ತಗಲುವುದು ಅಲ್ಪ. ಗಣಕಯಂತ್ರವೊಂದು ಶಾಲೆಯಲ್ಲಿ ಆಗಲೇ ಇರುವುದರಿಂದ, ಬೆಲೆಯಿಲ್ಲದೆ ಸಿಕ್ಕುವ ಸ್ವರಸಂಗ್ರಹವನ್ನು ಅದರಲ್ಲಿ ಹಾಕಿಸಿ, ಒಂದು ಸಾಧಾರಣ ಕೀಬೋರ್ಡನ್ನು ಮಾತ್ರ ಜೋಡಿಸೋಣ. ಮುಂದಿನ ಸ್ನೇಹಸಮ್ಮೇಳನದಿಂದ ಸಿದ್ಧ ಟ್ರ್ಯಾಕುಗಳಿಗೆ ನಮ್ಮ ವೇದಿಕೆಯ ಮೇಲೆ ಸ್ಥಳವಿರಕೂಡದು. ಅರುವತ್ತು ಪಿಟೀಲುಗಳ ಬದಲು ಆರು ಪಿಟೀಲುಗಳು, ಅವೂ ಮೊದಲ ವರ್ಷ ಸ್ವಲ್ಪ ಅಪಶ್ರುತಿಯಾಗಿ, ಕೇಳಿಸಿದರೆ ಅತಿಥಿಗಳು ಸಹಿಸಿಕೊಳ್ಳುವರು.

ಗಣಕಯಂತ್ರವೇಕೆ ಎಂದು ಕೇಳಬಹುದು. ಸಂಗೀತವನ್ನು ಬರೆಯುವುದಕ್ಕೆ ಅದು ಬಹಳ ಒಳ್ಳೆಯ ಪಾಟಿಯಾಗಿದೆ. ತಾನು ಬರೆದ ನಾಲ್ಕು ಸಾಲುಗಳು, ಪಿಟೀಲಿಗೆ ಒಂದು, ವಿಯೋಲಕ್ಕೆ ಒಂದು, ಚೆಲ್ಲೊಗೆ ಒಂದು, ಬಾಸಿಗೆ ಒಂದು, ಕೂಡಿ ನುಡಿದರೆ ಹೇಗೆ ಕೇಳುವುದೆಂಬುದನ್ನು ದಾಂಡೇಲಿಯ ಬಾಲಿಕೆಯು ಇದುವರೆಗೆ ತಿಳಿಯುವ ಮಾರ್ಗವೇ ಇರಲಿಲ್ಲ. ಮುಂದೆ ಧ್ವನಿಮುದ್ರಣದ ಕೆಲಸಕ್ಕೆ ಹೋಗಲಿಚ್ಛಿಸುವ ಹುಡುಗಿಗೆ ಇದರಲ್ಲಿ ಜೀವನೋಪಾಯವೂ ಇದೆ. ಕಮಾನನ್ನು ಹಿಡಿದು ಬಲ್ಲವಳು ಯಂತ್ರದ ಪಿಟೀಲನ್ನೂ ಚೆನ್ನಾಗಿ ನಡಿಸುವಳು; ಎಲ್ಲಿ ಕಮಾನು ತಿರುಗಬೇಕು, ಎಲ್ಲಿ ಉಸಿರು ಬೇಕು ಎಂಬುದು ಅವಳ ಕೈಗೆ ಗೊತ್ತಿರುತ್ತದೆ.

ಇನ್ನೂ ಒಂದು ಆಸೆಯಿದೆ. ಬೇರೆಯವರು ಮುದ್ರಿಸಿದ್ದನ್ನು ತರುವುದರ ಜೊತೆಗೆ ನಮ್ಮ ಸುತ್ತಿನದನ್ನು ನಮ್ಮ ಹುಡುಗಿಯರೇ ಮುದ್ರಿಸಲೆಂಬುದು. ನಮ್ಮ ಸಿದ್ದಿ ವಿದ್ಯಾರ್ಥಿನಿಯರ ಮನೆಗಳಲ್ಲಿ ದಮಾಮದ ನಾದವಿದೆ. ಜಿಲ್ಲೆಯ ಗುಮಟೆಯಿದೆ, ಉಡದ ಚರ್ಮ ಕಾನೂನಿಗೆ ವಿರುದ್ಧವಾದ ಮೇಲೆ ಆಡಿನ ಚರ್ಮ ಬಿಗಿದ ಗುಮಟೆಯ ದನಿ ಹೇಗೆ ಬದಲಾಯಿತೆಂದು ಅಜ್ಜಂದಿರನ್ನು ಕೇಳಿದರೆ ಹೇಳುವರು. 1966ರಿಂದ ಮುಂಡಗೋಡದಲ್ಲಿ ನೆಲಸಿರುವ ಟಿಬೆಟಿಯರ ಸಂಪ್ರದಾಯದಲ್ಲಿ ಪಿವಾಂಗ್ ಎಂಬ ಎರಡು ತಂತಿಯ ವಾದ್ಯವುಂಟು; ಅದನ್ನು ನುಡಿಸುವುದೂ ಕಮಾನಿನಿಂದಲೇ. ಇವುಗಳ ಒಂದೊಂದೇ ನಾದವನ್ನು ಮೆಲ್ಲಗೆ, ಗಟ್ಟಿಯಾಗಿ, ಲಂಡನ್ನಿನವರು ಮಾಡಿದ ಕ್ರಮದಲ್ಲಿಯೇ ಮುದ್ರಿಸಿಡಬಹುದು. ಮೊದಲು ನುಡಿಸುವವರ ಅಪ್ಪಣೆಯನ್ನು ಪಡೆಯಬೇಕು. ಅವರ ಹೆಸರನ್ನು ಸ್ವರದ ಜೊತೆಗೆ ಬರೆದಿಡಬೇಕು. ಯಾವನಾದರೂ ಅದರಿಂದ ಹಣ ಗಳಿಸಿದರೆ ಪಾಲು ಅವರ ಮನೆಗೆ ಹೋಗಬೇಕು. ಸ್ವರವನ್ನು ಕೊಟ್ಟವರು ಮರೆತುಹೋಗುವುದೇ ಈ ವಿದ್ಯೆಯ ದೊಡ್ಡ ದೋಷವೆಂದು ನಮಗೆ ತೋರುತ್ತದೆ. ನಮ್ಮ ಕಾಡಿನ ಬೀಟೆಯ ಕಥೆಯೂ ಹೀಗೆಯೇ ಅಲ್ಲವೇ? ಆ ಮರದಿಂದ ಪಿಟೀಲಿನ ಬಿರಡೆಗಳನ್ನೂ ಗಿಟಾರಿನ ಪಟ್ಟಿಗಳನ್ನೂ ಪರದೇಶಗಳಲ್ಲಿ ಮಾಡುತ್ತಾರೆ. ಆ ಬಿರಡೆಯನ್ನು ತಿರುಗಿಸುವವರಿಗೆ ಬೀಟೆ ಬೆಳೆಯುವ ನಮ್ಮಂಥ ಊರುಗಳ ಹೆಸರು ತಿಳಿದಿರಲಾರದು.

ಹಳೆಯ ವಿದ್ಯಾರ್ಥಿನಿಯರು ತಮ್ಮ ಅಭಿಪ್ರಾಯವನ್ನು ಬೇಸಿಗೆಯ ರಜೆಗೆ ಮುಂಚೆ ಬರೆದು ತಿಳಿಸಬೇಕು. ಭಿನ್ನಾಭಿಪ್ರಾಯವಿದ್ದರೆ ನಿಸ್ಸಂಕೋಚವಾಗಿ ಬರೆಯಿರಿ. ನಮ್ಮ ಕೈಕೆಳಗೆ ಕಲಿತವರೆಂಬ ಸಂಕೋಚ ಬೇಡ. ಪಾಲಕರಲ್ಲಿ ಮಾತ್ರ ಒಂದು ವಿಜ್ಞಾಪನೆಯುಂಟು. ಪಿಟೀಲನ್ನು ಸರದಿಯ ಮೇಲೆ ಮನೆಗೆ ಕಳುಹಿಸಬೇಕಾಗುತ್ತದೆ. ಮೊದಲ ಆರು ತಿಂಗಳು ಅದರಿಂದ ಹೊರಡುವ ನಾದವು ಬಾವಿಯ ರಾಟೆಗೆ ಎಣ್ಣೆ ಹಾಕದಿದ್ದಂತಿರುವುದು. ಅಡಿಗೆಯ ಮನೆಯಿಂದ ಯಾರೂ ಕೂಗಬಾರದು. ನೆರೆಯವರು ಬಂದು ಕೇಳಿದರೆ, ಮಗಳು ಪಂಚಮವನ್ನು ಹುಡುಕುತ್ತಿದ್ದಾಳೆಂದು ಹೇಳಿರಿ. ಕಮಾನಿಗೆ ಹಚ್ಚುವ ರಾಳವನ್ನು ಶಾಲೆಯಿಂದಲೇ ಕೊಡಲಾಗುವುದು.